ಪಾಸ್‌ವರ್ಡ್ ಇಲ್ದೆ ಸ್ಕ್ವಿಡ್ ಪ್ರಾಕ್ಸಿ: ವೈರ್‌ಗಾರ್ಡ್ ಜೊತೆ ಹಾಕಿದ್ಮೇಲೆ ನೆಮ್ಮದಿ
ಸ್ಕ್ವಿಡ್ (ಡಿವೈಸ್‌ಗೂ ಇಂಟರ್ನೆಟ್‌ಗೂ ನಡುವೆ ನಿಂತು ಟ್ರಾಫಿಕ್ ದಾಟಿಸೋ ಪ್ರಾಕ್ಸಿ ಸಾಫ್ಟ್‌ವೇರ್) ಬಗ್ಗೆ ನಂಗೆ ದೂರೇ ಇಲ್ಲ, ತುಂಬಾ ದಿನದಿಂದ ಬಳಸ್ತಿದೀನಿ, ಆದ್ರೆ ಯೂಸರ್‌ನೇಮ್ ಪಾಸ್‌ವರ್ಡ್ ವಿಷಯಕ್ಕೆ ಬಂದ್ರೆ ಸಾಕಾಗಿಹೋಗಿತ್ತು. ಬ್ರೌಸರ್ ಆದ್ರೆ 407 (ಮೊದ್ಲು ಪ್ರಾಕ್ಸಿಗೆ ಲಾಗಿನ್ ಆಗು ಅನ್ನೋ ಉತ್ತರ) ಬಂದ ತಕ್ಷಣ ಲಾಗಿನ್ ಕೇಳತ್ತೆ, ಹಿಂದೆ ಓಡ್ತಿರೋ ಎಷ್ಟೋ ಆಪ್‌ಗಳು ಅದೇ 407 ನೋಡಿ ಸುಮ್ನೆ ನಿಂತ್ಬಿಡ್ತವೆ. ಟ್ರಾನ್ಸ್‌ಪರೆಂಟ್ ಮೋಡ್, ಅಂದ್ರೆ ಡಿವೈಸಲ್ಲಿ ಏನೂ ಸೆಟ್ ಮಾಡ್ದೆ ಟ್ರಾಫಿಕ್ಕನ್ನ ಪ್ರಾಕ್ಸಿಗೆ ತಿರುಗಿಸೋದು, ಅಲ್ಲಿ ಲಾಗಿನ್ ಕೇಳೋಕೇ ಆಗಲ್ಲ, ನಡುವೆ ಪ್ರಾಕ್ಸಿ ಇದೆ ಅಂತಾನೇ ಡಿವೈಸ್‌ಗೆ ಗೊತ್ತಿರಲ್ವಲ್ಲ.

ಮೊದ್ಲು ಮ್ಯಾಕ್ ಅಡ್ರೆಸ್ (ಡಿವೈಸಿನ ನೆಟ್‌ವರ್ಕ್ ಕಾರ್ಡ್ ನಂಬರ್) ನೋಡಿ ಬಿಡೋ ರೂಲ್ ಹಾಕ್ದೆ. ಒಂದೇ ಸಬ್‌ನೆಟ್ (ರೂಟರ್ ದಾಟದ ಒಂದೇ ನೆಟ್‌ವರ್ಕ್ ತುಂಡು) ಒಳಗೆ ಸರಿ, ನಡುವೆ ರೂಟರ್ ಬಂದ್ರೆ ಮುಗೀತು, ಮೇಲಾಗಿ ಆಂಡ್ರಾಯ್ಡ್ 10, ಐಓಎಸ್ 14 ಬಂದಾಗಿಂದ ಫೋನ್‌ಗಳು ವೈಫೈಗೆ ನಿಜವಾದ ಮ್ಯಾಕ್ ಕೊಡೋದೇ ಬಿಟ್ಟಿವೆ. ಆಮೇಲೆ ಕ್ಲೈಂಟ್ ಸರ್ಟಿಫಿಕೇಟ್, ಅಂದ್ರೆ ಪಾಸ್‌ವರ್ಡ್ ಬದ್ಲು ಡಿವೈಸ್ ತೋರ್ಸೋ ಡಿಜಿಟಲ್ ಗುರುತಿನ ಫೈಲ್. ಭದ್ರವಾಗಿದೆ, ಕರ್ಲ್ (ಕಮಾಂಡ್ ಲೈನಿಂದ ವೆಬ್‌ಗೆ ಹೋಗೋ ಟೂಲ್) ಕೂಡ ಒಪ್ಪತ್ತೆ, ಆದ್ರೆ ಉಳಿದ ಆಪ್‌ಗಳಿಗೋಸ್ಕರ ಪ್ರತಿ ಮಷೀನಲ್ಲೂ ಎಸ್‌ಟನಲ್ (ಆಪ್ ಪರವಾಗಿ ಸರ್ಟಿಫಿಕೇಟ್ ತೋರ್ಸೋ ಪ್ರೋಗ್ರಾಂ) ಕೂರಿಸ್ಬೇಕು, ಅವಧಿ ಮುಗಿಯೋಷ್ಟರಲ್ಲಿ ಸರ್ಟಿಫಿಕೇಟ್ ಬದಲಾಯಿಸ್ಬೇಕು. ಎರಡೇ ಡಿವೈಸ್ ಇದ್ರೆ ಸೈ, ಇಪ್ಪತ್ತು ಇದ್ರೆ ಬೇಡಪ್ಪ.

ಈಗ ಇರೋದು ವೈರ್‌ಗಾರ್ಡ್ ಅನ್ನೋ ವಿಪಿಎನ್ (ಡಿವೈಸಿಂದ ಸರ್ವರ್‌ವರೆಗೆ ಎನ್‌ಕ್ರಿಪ್ಟ್ ಆದ ಟನಲ್), 2020ರಲ್ಲಿ ಲಿನಕ್ಸ್ 5.6 ಕರ್ನಲ್ ಒಳಗೇ ಸೇರ್ಕೊಂಡಿದೆ. ಪ್ರತಿ ಡಿವೈಸ್‌ಗೂ ಅದರದ್ದೇ ಕೀ ಜೋಡಿ (ಡಿವೈಸಲ್ಲೇ ಗುಟ್ಟಾಗಿರೋ ಪ್ರೈವೇಟ್ ಕೀ, ಸರ್ವರ್‌ಗೆ ಕೊಡೋ ಪಬ್ಲಿಕ್ ಕೀ), ಸರ್ವರ್ ಕಡೆ ಆ ಪಬ್ಲಿಕ್ ಕೀ ಎದುರಿಗೆ ಒಂದು ಐಪಿ ಬರೀತೀವಿ, ಉದಾಹರಣೆಗೆ 10.8.0.5. ಅದರ ಪ್ರೈವೇಟ್ ಕೀ ಇಲ್ದೆ ಟನಲ್ ಒಳಗಿಂದ ಆ ಐಪಿ ಹೆಸರಲ್ಲಿ ಒಂದು ಪ್ಯಾಕೆಟ್ ಕೂಡ ಬರಲ್ಲ! ಬರೀ ಐಪಿ ನೋಡಿ ಬಿಡೋದನ್ನ ನಾನು ಯಾವತ್ತೂ ನಂಬ್ತಿರ್ಲಿಲ್ಲ, ಇಲ್ಲಿ ಮಾತ್ರ ಐಪಿನೇ ಗುರುತಿನ ಚೀಟಿ ಆಗ್ಬಿಡತ್ತೆ, ಹಾಗಾಗಿ ಸ್ಕ್ವಿಡ್‌ನಲ್ಲಿ ಮಾಮೂಲಿ ಐಪಿ ಎಸಿಎಲ್ (ಯಾವ ಐಪಿನ ಬಿಡ್ಬೇಕು ಅನ್ನೋ ರೂಲ್) ಒಂದೇ ಸಾಕು. ಲಾಗಲ್ಲೂ ಯಾವ ಡಿವೈಸ್ ಎಲ್ಲಿಗೆ ಹೋಯ್ತು ಅಂತ ನೇರವಾಗಿ ಕಾಣತ್ತೆ. ಒಂದ್ಸಲ ಫೋನ್ ಕಳ್ಕೊಂಡಿದ್ದೆ, ಸರ್ವರಲ್ಲಿ ಆ ಒಂದು ಪಿಯರ್ (ಆ ಫೋನಿನ ಕೀ, ಐಪಿ ಇರೋ ನಮೂದು) ತೆಗೆದೆ ಅಷ್ಟೇ, ಬೇರೆ ಯಾವ್ದನ್ನೂ ಮುಟ್ಟಲಿಲ್ಲ. ಆದ್ರೆ ಇದು ಗುರುತು ಹಿಡಿಯೋದು ಡಿವೈಸನ್ನ, ಮನುಷ್ಯನನ್ನಲ್ಲ, ಹಾಗಾಗಿ ಸ್ಕ್ರೀನ್ ಲಾಕ್ ಇಲ್ದಿರೋ ಫೋನ್‌ಗೆ ದಯವಿಟ್ಟು ಕೀ ಕೊಡ್ಬೇಡಿ.

ಕೊರತೆ ಅಂದ್ರೆ ಪ್ರಿಂಟರ್ ಥರದವು, ಅವುಗಳಲ್ಲಿ ವೈರ್‌ಗಾರ್ಡ್ ಹಾಕೋಕಾಗಲ್ಲ, ನಾನು ಬೇರೆ ನೆಟ್‌ವರ್ಕಲ್ಲಿ ಇಟ್ಟು ಬೇಕಾದ ಎರಡ್ಮೂರು ಸೈಟ್ ಮಾತ್ರ ಬಿಟ್ಟಿದೀನಿ. ಹಾಕೋರು ಇದೊಂದು ನೋಡ್ಕೊಳ್ಳಿ, ಫೈರ್‌ವಾಲಲ್ಲಿ ಸ್ಕ್ವಿಡ್‌ನ 3128 ಪೋರ್ಟ್ ವೈರ್‌ಗಾರ್ಡ್ ಇಂಟರ್‌ಫೇಸ್ ಕಡೆಯಿಂದ ಮಾತ್ರ ತೆರೆದಿರ್ಲಿ, ಇಲ್ಲಾಂದ್ರೆ ಬೇರೆ ಬಾಗಿಲಿಂದ ಅದೇ ಐಪಿ ಹಾಕ್ಕೊಂಡು ಬರೋರಿಗೆ ದಾರಿ ಬಿಟ್ಟ ಹಾಗೆ.