ನಾಲ್ಕು ಮಳೆಗಾಲ ಕಂಡ ಇಂಕ್ ಟ್ಯಾಂಕ್ ಪ್ರಿಂಟರ್

"ರೀ, ಅಮ್ಮನ ಮುಖ ಯಾಕೆ ಹಸಿರಾಗಿದೆ?" ಅಂತ ಹೆಂಡತಿ ಕೇಳಿದ ದಿನದಿಂದ ನಾನು ಪ್ರಿಂಟರ್ ಬಗ್ಗೆ ನಿಜವಾಗಿ ಕಲಿಯೋಕೆ ಶುರು ಮಾಡಿದೆ.

ನಮ್ಮದು ಸಾಗರ. 2021ರಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸ್ ನಡೀತಿದ್ದಾಗ ತಂದದ್ದು, ಬಾಟಲಿಯಿಂದ ಇಂಕ್ ಸುರಿಯುವ ನಾಲ್ಕು ಬಣ್ಣದ ಮಾಡೆಲ್. ವರ್ಕ್‌ಶೀಟ್‌ಗೆ ಅದು ಸಾಕಿತ್ತು. ಅತ್ತೆಯ ಫೋಟೊ ಪ್ರಿಂಟ್ ಮಾಡಲು ಹೋದಾಗ ಬಣ್ಣ ಬಯಲಾಯಿತು.

ಮುಖ ಹಸಿರಾಗಿದ್ದಕ್ಕೆ ಕಾರಣ ಗುಲಾಬಿ ಇಂಕ್, ಅಂದರೆ ಮೆಜೆಂಟಾ, ಬರದೇ ಇದ್ದದ್ದು. ಇಂಕ್ ಚಿಮ್ಮುವ ಹೆಡ್‌ನ ತೂತುಗಳು ಕೂದಲಿಗಿಂತ ಸಣ್ಣವು. ಒಣಗಿದರೆ ಕಟ್ಟಿಕೊಳ್ಳುತ್ತವೆ. ನಾಝಲ್ ಚೆಕ್, ಅಂದರೆ ಆ ತೂತುಗಳನ್ನು ಪರೀಕ್ಷಿಸುವ ಪ್ರಿಂಟ್, ತೆಗೆದು ನೋಡಿದರೆ ಗುಲಾಬಿ ಗೆರೆಗಳಲ್ಲಿ ಅರ್ಧಕ್ಕರ್ಧ ಮಾಯ. ಗಾಬರಿಯಲ್ಲಿ ಸತತ ಆರು ಸಲ ಹೆಡ್ ಕ್ಲೀನಿಂಗ್ ಒತ್ತಿದೆ. ಅದು ತಪ್ಪು. ಪ್ರತಿ ಸಲವೂ ಒಂದಿಷ್ಟು ಒಳ್ಳೆಯ ಇಂಕ್ ಒಳಗಿರುವ ಸ್ಪಾಂಜಿಗೆ ಹೋಗಿ ಸೇರುತ್ತದೆ. ಈಗ ಎರಡು ಸಲ ಮಾಡಿ, ರಾತ್ರಿ ಸುಮ್ನೆ ಬಿಟ್ಟು, ಬೆಳಿಗ್ಗೆ ಮತ್ತೆ ಚೆಕ್ ಮಾಡ್ತೇನೆ. ಬಹುತೇಕ ಸಲ ಅಷ್ಟಕ್ಕೇ ಸರಿಹೋಗಿದೆ.

ಆದರೆ ಅಷ್ಟು ಬೇಗ ಕಟ್ಟಿಕೊಂಡದ್ದು ಯಾಕೆ? ಕರೆಂಟ್! ಪ್ರಿಂಟರನ್ನು ಅದರದೇ ಬಟನ್‌ನಿಂದ ಆರಿಸಿದರೆ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ಆಗ್ತಿರುವಾಗ ಕರೆಂಟ್ ಹೋದರೆ ನಡುದಾರಿಯಲ್ಲೇ ನಿಂತು ಗಾಳಿಗೆ ಒಣಗುತ್ತದೆ. ಜುಲೈನಲ್ಲಿ ನಮ್ಮೂರಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ನಾನಂತೂ ಕೆಲಸ ಮುಗಿದ ತಕ್ಷಣ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಿದ್ದೆ, ಒಮ್ಮೊಮ್ಮೆ ಹೆಡ್ ಮೂಲೆ ಸೇರುವ ಮೊದಲೇ. ಈಗ ಮೊದಲು ಬಟನ್, ದೀಪ ಆರಿದ ಮೇಲೆ ಸ್ವಿಚ್. ಜೊತೆಗೆ ಪ್ರತಿ ಭಾನುವಾರ ನಾಲ್ಕೂ ಬಣ್ಣ ಇರುವ ಒಂದು ಹಾಳೆ ಪ್ರಿಂಟ್. ದಂಡ ಅನ್ನಿಸಬಹುದು, ಆದರೆ ಕ್ಲೀನಿಂಗ್‌ಗೆ ಹೋಗುವ ಇಂಕ್ ಇದಕ್ಕಿಂತ ಜಾಸ್ತಿ.

ಗುಲಾಬಿ ವಾಪಸ್ ಬಂತು. ಆದರೂ ಫೋಟೊ ಮಂಕು. ತಪ್ಪು ಪ್ರಿಂಟರಿನದಲ್ಲ, ನನ್ನ 75 ಜಿಎಸ್‌ಎಂ (ಒಂದು ಚದರ ಮೀಟರಿಗೆ 75 ಗ್ರಾಂ ತೂಗುವ) ಜೆರಾಕ್ಸ್ ಪೇಪರಿನದು. ಅದರಲ್ಲಿ ಇಂಕ್ ಹೀರಿಕೊಂಡು ಹರಡುತ್ತದೆ. ಫೋಟೊ ಪೇಪರಿನ ಮೇಲೆ ಲೇಪ ಇರುವುದರಿಂದ ಹನಿ ಬಿದ್ದ ಜಾಗದಲ್ಲೇ ನಿಲ್ಲುತ್ತದೆ. ಸರಿ, ಗ್ಲಾಸಿ ಪೇಪರ್ ತಂದೆ. ಮೊದಲ ಹಾಳೆ ಉಲ್ಟಾ ಹಾಕಿ ಟೇಬಲ್ಲೆಲ್ಲ ಇಂಕ್ ಮಾಡಿಕೊಂಡೆ. (ಮೂಲೆಯನ್ನು ಒದ್ದೆ ಬೆರಳಿನಿಂದ ಮುಟ್ಟಿ ನೋಡಿ, ಸ್ವಲ್ಪ ಅಂಟುವ ಬದಿಯೇ ಪ್ರಿಂಟ್ ಆಗಬೇಕಾದ ಬದಿ.) ಎರಡನೆಯದರಲ್ಲಿ ಗೆರೆ ಗೆರೆ. ಕಂಪ್ಯೂಟರಿನಲ್ಲಿ ಪೇಪರ್ ಟೈಪ್ 'ಪ್ಲೇನ್' ಅಂತಲೇ ಇತ್ತು! ಎಷ್ಟು ಇಂಕ್ ಬಿಡಬೇಕು, ಎಷ್ಟು ನಿಧಾನ ಹೋಗಬೇಕು ಅನ್ನುವುದನ್ನು ಪ್ರಿಂಟರ್ ಮುಖ್ಯವಾಗಿ ಈ ಸೆಟ್ಟಿಂಗ್ ನೋಡಿ ತೀರ್ಮಾನಿಸುತ್ತದೆ. ಅದನ್ನು ಬದಲಿಸಿ, ಕ್ವಾಲಿಟಿ 'ಹೈ' ಮಾಡಿದ ಮೇಲೆ ಬಂದ ಫೋಟೊ ಸ್ಟುಡಿಯೋದವರಿಗೆ ತೋರಿಸಬಹುದಾದಂಥದ್ದು.

ಇನ್ನೊಂದು ವಿಷಯ, ವಾಟ್ಸಾಪ್‌ನಲ್ಲಿ ಬಂದ ಫೋಟೊ ಸಣ್ಣದಾಗಿ ಕುಗ್ಗಿರುತ್ತದೆ. 4×6 ಇಂಚಿಗೆ 1200×1800 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ. A4ಗೆ ಸುಮಾರು 2480×3508 ಬೇಕು. ನೆಂಟರಿಗೆ "ಡಾಕ್ಯುಮೆಂಟ್ ಅಂತ ಕಳಿಸಿ" ಅಂತ ಹೇಳಿ ಹೇಳಿ ಸಾಕಾಗಿದೆ.

ಕನ್ನಡ ಅಕ್ಷರಕ್ಕೆ ಡ್ರಾಫ್ಟ್ ಮೋಡ್, ಅಂದರೆ ಇಂಕ್ ಉಳಿಸಿ ಬೇಗ ಮುಗಿಸುವ ಸೆಟ್ಟಿಂಗ್, ಬೇಡ. ಇಂಗ್ಲಿಷ್ ಹೇಗೋ ಓದಬಹುದು, ಆದರೆ 'ರಾಷ್ಟ್ರ', 'ಸ್ತ್ರೀ' ಬಂದರೆ ಒತ್ತಕ್ಷರ ಎಲ್ಲ ಕೂಡಿ ಒಂದು ಮಚ್ಚೆ. ಅಕ್ಷರ ಎರಡೆರಡಾಗಿ ಕಂಡರೆ ಹೆಡ್ ಅಲೈನ್‌ಮೆಂಟ್ (ಹೆಡ್ಡಿನ ಹನಿಗಳು ಸರಿಯಾದ ಜಾಗಕ್ಕೆ ಬೀಳುವಂತೆ ಹೊಂದಿಸುವುದು) ಒಮ್ಮೆ ಮಾಡಿ.

ಮಳೆಗಾಲದಲ್ಲಿ ಪೇಪರ್ ತೇವ ಹೀರಿ ಸುರುಳಿಯಾಗುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಬಣ್ಣವೂ ಅಂಚಲ್ಲಿ ಹರಡುತ್ತದೆ. ನಮ್ಮನೆಯಲ್ಲಿ ಅವಲಕ್ಕಿಗಿಂತ ಗಟ್ಟಿ ಮುಚ್ಚಳದ ಡಬ್ಬಿ ಫೋಟೊ ಪೇಪರಿಗೆ ಸಿಕ್ಕಿದೆ, ಇದರ ಬಗ್ಗೆ ಅಡುಗೆಮನೆಯಲ್ಲಿ ಈಗಲೂ ತಕರಾರಿದೆ. ಪ್ರಿಂಟ್ ಆದ ಫೋಟೊವನ್ನು ಒಂದು ದಿನ ಒಣಗಲು ಬಿಟ್ಟು ಆಮೇಲೆ ಫ್ರೇಮ್ ಹಾಕಿಸಿ. ಆತುರಪಟ್ಟು ಹಾಕಿಸಿದ ಒಂದು ಫೋಟೊ ಗಾಜಿಗೇ ಅಂಟಿಕೊಂಡಿದೆ.

ಬೇಸರದ ಸಂಗತಿ ಎಂದರೆ, ಕಳೆದ ವರ್ಷ ಇಂಕ್ ಸ್ಪಾಂಜ್ ತುಂಬಿದೆ ಅಂತ ಪ್ರಿಂಟರ್ ಏಕಾಏಕಿ ಮುಷ್ಕರ ಹೂಡಿತು. ಸರ್ವೀಸ್ ಸೆಂಟರಿನಲ್ಲಿ ಮೊದಲು "ಹೊಸದು ತಗೊಳ್ಳಿ ಸಾರ್" ಅಂದರು. ಒತ್ತಾಯಿಸಿದ ಮೇಲೆ ಸ್ಪಾಂಜ್ ಬದಲಿಸಿ ರೀಸೆಟ್ ಮಾಡಿಕೊಟ್ಟರು. ನನ್ನ ಆ ಆರು ಕ್ಲೀನಿಂಗ್ ಕೂಡ ಅದರೊಳಗೇ ಇತ್ತಲ್ವಾ, ಪೂರ್ತಿ ಅವರನ್ನೇ ದೂರುವಂತಿಲ್ಲ. ಅಗ್ಗದ ಇಂಕ್ ಒಮ್ಮೆ ಸುರಿದಾಗ ಕಪ್ಪು ಕೂದಲು ಕಂದಾಗಿ ಬಂತು. ಮತ್ತೆ ಆ ಸಾಹಸ ಮಾಡಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ವಾರಕ್ಕೆ ಹತ್ತಾರು ಹಾಳೆ, ನಡುವೆ ಫೋಟೊ ಇರುವ ಮನೆಗೆ ಸರಿಯಾದದ್ದು. ಬರೀ ಕಪ್ಪು ಅಕ್ಷರ ಸಾಕು ಅನ್ನುವವರು ಲೇಸರ್ ತಗೊಳ್ಳಿ, ಅದರಲ್ಲಿರುವುದು ಪುಡಿ, ಒಣಗುವ ಚಿಂತೆ ಇಲ್ಲ. ತಿಂಗಳಿಗೆ ಐದು ಹಾಳೆ ಅನ್ನುವವರಿಗೆ ಜೆರಾಕ್ಸ್ ಅಂಗಡಿಯೇ ಅಗ್ಗ.