ಅಡುಗೆಮನೆ ರಿಪೇರಿಗೆ ಅಡ್ವಾನ್ಸ್ ಕೊಡುವ ಮುಂಚೆ ನಮ್ಮ ಕಥೆ ಕೇಳಿ

ಹೋದ ವಾರ ಊಟದ ಹೊತ್ತಿನಲ್ಲಿ ನಮ್ಮ ಆಫೀಸಿನವರೊಬ್ಬರು ಫೋನ್ ಮುಂದೆ ಹಿಡಿದರು. "ನೋಡಿ, ಎಷ್ಟು ಚೆನ್ನಾಗಿದೆ ಅಲ್ವಾ? ನಾವೂ ಈ ಥರಾನೇ ಮಾಡಿಸೋಣ ಅಂತಿದೀವಿ." ಫೋಟೋದಲ್ಲಿ ತಿಳಿಹಸಿರು ಬಾಗಿಲುಗಳು, ಕಪ್ಪು ಗ್ರಾನೈಟ್, ಮೂಲೆಯಲ್ಲಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಭರಣಿ. ಆ ಭರಣಿ ನಮ್ಮತ್ತೆಯದು. ಅದು ನಮ್ಮದೇ ಅಡುಗೆಮನೆ!

ಕಂಟ್ರಾಕ್ಟರ್ ಅದನ್ನು ಎಲ್ಲರಿಗೂ ಕಳಿಸುತ್ತಿದ್ದಾರಂತೆ. ಫೋಟೋ ದೀಪಾವಳಿಯ ಹೊತ್ತಿನದು. ಸಿಂಕ್ ಕೆಳಗಿನ ಹಲಗೆ ಹಪ್ಪಳದ ಹಾಗೆ ಉಬ್ಬಿಕೊಂಡಿದ್ದು ಸಂಕ್ರಾಂತಿಗೆ. ಅದರ ಫೋಟೋ ಅವರ ಹತ್ತಿರ ಇರಲಿಕ್ಕಿಲ್ಲ. ಪುಣ್ಯಕ್ಕೆ ನಮ್ಮ ಆಫೀಸಿನವರು ಇನ್ನೂ ಅಡ್ವಾನ್ಸ್ ಕೊಟ್ಟಿರಲಿಲ್ಲ. ಅವರಿಗೆ ಅರ್ಧ ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕುವುದಿಲ್ಲ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮಾವ ಕಟ್ಟಿಸಿದ ಹಳೆಯ ಮನೆ. ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ, ಕಡಪ ಕಲ್ಲಿನದೇ ಶೆಲ್ಫು, ಕಿಟಕಿ ಕೆಳಗೆ ಸಿಂಕು. ಎಲ್ಲ ಗಟ್ಟಿಯಾಗಿಯೇ ಇತ್ತು, ಆದರೆ ಜಿರಲೆ ಕಾಟ, ಸಾಮಾನು ಇಡಲು ಜಾಗವಿಲ್ಲ. ಮಾಡ್ಯುಲರ್ ಮಾಡಿಸೋಣ ಎಂದು ಹೊರಟೆವು. ಕೈಯಲ್ಲಿದ್ದದ್ದು 4 ಲಕ್ಷ.

ಆಗ ಆಷಾಢ. ಕಂಟ್ರಾಕ್ಟರ್ ಬಂದು ನೋಡಿ, "ಈಗ ಕೆಲಸ ಕಮ್ಮಿ ಮೇಡಂ, ರೇಟಲ್ಲಿ ನೋಡ್ಕೋತೀನಿ. ಅಡ್ವಾನ್ಸ್ ಕೊಟ್ಟಿರಿ, ಶ್ರಾವಣ ಬಂದ ತಕ್ಷಣ ಶುರು, ಒಂದೇ ತಿಂಗಳು" ಅಂದರು. ದಸರಾಕ್ಕೆ ಗೊಂಬೆ ಕೂರಿಸುವಷ್ಟರಲ್ಲಿ ಹೊಸ ಅಡುಗೆಮನೆ ಅಂತ ಅತ್ತೆಗೂ ಖುಷಿ.

ಅವರು ಕೊಟ್ಟ ಎಸ್ಟಿಮೇಟ್ ಇನ್ನೂ ನನ್ನ ಹತ್ತಿರ ಇದೆ. ನಾಲ್ಕೇ ಸಾಲು. ಮಾಡ್ಯುಲರ್ ಕಿಚನ್ ಕಂಪ್ಲೀಟ್, ಗುಡ್ ಕ್ವಾಲಿಟಿ ಪ್ಲೈ – 2,10,000. ಗ್ರಾನೈಟ್, ಟೈಲ್ಸ್ – 95,000. ಪ್ಲಂಬಿಂಗ್, ಎಲೆಕ್ಟ್ರಿಕಲ್ – 45,000. ಇತರೆ – 30,000. ಒಟ್ಟು 3,80,000. ನಮ್ಮ 4 ಲಕ್ಷದೊಳಗೇ ಬಂತಲ್ಲ ಅಂತ ನಾವು ಹಿಗ್ಗಿದೆವು. "ಕಂಪ್ಲೀಟ್" ಅಂದರೆ ಏನೇನು, "ಗುಡ್" ಅಂದರೆ ಎಷ್ಟು ಗುಡ್, ಒಂದನ್ನೂ ಕೇಳಲಿಲ್ಲ. ಮಾರ್ಕೆಟ್‌ನಲ್ಲಿ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುವವಳು ನಾನು. ಇಲ್ಲಿ ಸುಮ್ನೆ ತಲೆ ಆಡಿಸಿದೆ.

ಇನ್ನೊಂದು ತಪ್ಪು ಪೂರ್ತಿ ನಮ್ಮದೇ. ಬಿಲ್ ಬೇಕು ಅಂದರೆ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತೆ, ಬೇಡ ಅಂದರೆ ಅಷ್ಟೂ ನಿಮಗೆ ಉಳಿಯುತ್ತೆ ಅಂದರು. ಉಳಿಸಲು ಹೋದೆವು. ಅರ್ಧ ದುಡ್ಡು, ಅಂದರೆ 1,90,000, ನಗದಾಗಿ ಕೊಟ್ಟೆವು. ರಸೀದಿ ಇಲ್ಲ.

ಶ್ರಾವಣ ಬಂತು. ಮೊದಲ ಎರಡು ದಿನ ಭಾರೀ ಹುಮ್ಮಸ್ಸು. ಕಟ್ಟೆ ಒಡೆದರು, ಟೈಲ್ಸ್ ಕಿತ್ತರು, ನೆಲ ಅಗೆದರು. ಕಡಪ ಕಲ್ಲುಗಳನ್ನೂ ಹಳೆಯ ತೇಗದ ಬಾಗಿಲುಗಳನ್ನೂ ಆಟೋಗೆ ಹಾಕಿಕೊಂಡು ಹೋದರು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಹಾಕಲು ಒಂದು ಕಡಪ ಬೇಕು ಎಂದು ಅತ್ತೆ ಹೇಳಿಯೇ ಇದ್ದರು. ಕೇಳಿದರೆ, "ಸ್ಕ್ರ್ಯಾಪ್ ನಮ್ದೇ ಅಲ್ವಾ ಮೇಡಂ, ಎಲ್ಲಾ ಕಡೆ ಹಂಗೇ." ಇರಬಹುದು. ಆದರೆ ಒಡೆದ ಇಟ್ಟಿಗೆ, ಗಾರೆ ಮಾತ್ರ ನಮ್ಮದಂತೆ! ಅದನ್ನು ಸಾಗಿಸಲು ಎರಡು ಟ್ರ್ಯಾಕ್ಟರ್ ಲೋಡಿಗೆ 5,000 ಬೇರೆ.

ಒಡೆದ ಮೇಲೆ ನಮ್ಮ ಜುಟ್ಟು ಅವರ ಕೈಗೆ ಹೋಯಿತು. ಗ್ಯಾಸ್ ಹಾಲ್‌ಗೆ ಬಂದಾಯ್ತು, ಪಾತ್ರೆ ಬಚ್ಚಲಲ್ಲಿ ತೊಳೆಯುವುದು. ಈ ಸ್ಥಿತಿಯಲ್ಲಿ "ಪೈಪ್ ತರ್ಬೇಕು, 1 ಲಕ್ಷ ಹಾಕಿ" ಅಂದರೆ ಇಲ್ಲ ಅನ್ನುವ ಧೈರ್ಯ ಯಾರಿಗಿರುತ್ತೆ? ಹಾಕಿದೆವು. ಆಮೇಲೆ ಪ್ಲೈವುಡ್‌ಗೆ 60,000. ಮೂರನೇ ವಾರಕ್ಕೆ 3,50,000 ಹೋಗಿತ್ತು. ಆಗಿದ್ದ ಕೆಲಸ ಒಡೆದದ್ದು ಮತ್ತು ಪೈಪು ಎಳೆದದ್ದು, ಅಷ್ಟೇ. ಬರಬೇಕಾದ ದುಡ್ಡು ಬಂದ ಮೇಲೆ ಅವರಿಗೂ ನಮ್ಮ ಮನೆ ದಾರಿ ಮರೆಯಿತು. ವರಮಹಾಲಕ್ಷ್ಮಿ ಹಬ್ಬ, ಗೌರಿ–ಗಣೇಶ, ಹುಡುಗರು ಊರಿಗೆ ಹೋಗಿದ್ದಾರೆ, ಪಿತೃಪಕ್ಷದಲ್ಲಿ ಕಟ್ಟೆ ಕೂರಿಸೋದು ಬೇಡ. ಪಂಚಾಂಗದಲ್ಲಿ ಇರುವ ಕಾರಣವೆಲ್ಲ ಮುಗಿಯಿತು.

ದಸರಾ ಬಂದೇಬಿಟ್ಟಿತು. ಹಾಲ್‌ನಲ್ಲಿ ಫ್ರಿಜ್ಜು, ಗ್ಯಾಸಿನ ಟೇಬಲ್ಲು, ಪಾತ್ರೆ ತುಂಬಿದ ಒಂಬತ್ತು ಗೋಣಿಚೀಲ. ಗೊಂಬೆಯ ಮೆಟ್ಟಿಲು ಇಡಲು ಜಾಗವೇ ಇಲ್ಲ. ಅತ್ತೆ ಪಟ್ಟದ ಗೊಂಬೆ ಎರಡನ್ನು ಮಾತ್ರ ಟಿವಿ ಪಕ್ಕದ ಸ್ಟೂಲ್ ಮೇಲೆ ಕೂರಿಸಿದರು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಈಗ "ಎಕ್ಸ್‌ಟ್ರಾ"ಗಳ ವಿಷಯ. ಎಸ್ಟಿಮೇಟಿನಲ್ಲಿ ಬರೆಯದೇ ಇದ್ದದ್ದೆಲ್ಲ ಎಕ್ಸ್‌ಟ್ರಾ. ಗ್ರಾನೈಟ್ ಇದೆ, ಆದರೆ ಅಂಚು ದುಂಡಗೆ ಮಾಡುವುದು, ಸಿಂಕ್‌ಗೆ ಕೊರೆಯುವುದು, ಒಲೆಗೆ ಕೊರೆಯುವುದು ಇಲ್ಲ: 9,500. ಟೈಲ್ಸ್ ಇದೆ, ಆದರೆ ಕಟ್ಟೆಯ ಮೇಲೆ ಎರಡೇ ಅಡಿಗೆ. ಮೇಲಿನವರೆಗೆ ಬೇಕಾದರೆ 18,000. ಚಿಮಣಿ ಪೈಪಿಗೆ ಗೋಡೆ ಕೊರೆದು ಕೂರಿಸಲು 4,500. ಇಂಡಕ್ಷನ್ ಮತ್ತು ಓವನ್‌ಗೆ ಬೇರೆ ಲೈನ್ ಎಳೆಯಲು 14,000. ಆ ಲೈನ್ ಬೇಕೇ ಬೇಕಾಗಿತ್ತು ಬಿಡಿ. ಹಳೆ ಮನೆಯ ಸಣ್ಣ ತಂತಿಗೇ 16 ಆಂಪಿಯರ್ ಸಾಕೆಟ್ ಸಿಕ್ಕಿಸಲು ಹೊರಟಿದ್ದರು. ಅಂಥ ಸಾಕೆಟ್‌ಗೆ ಕನಿಷ್ಠ 2.5, ಓವನ್ ಗೀಸರ್ ಥರದ್ದಕ್ಕೆ 4 ಚದರ ಮಿಲಿಮೀಟರ್ ತಂತಿ ಹಾಕುತ್ತಾರೆ. ಟ್ರ್ಯಾಕ್ಟರಿನದೂ ಸೇರಿ ಎಕ್ಸ್‌ಟ್ರಾ 51,000.

ಚೆನ್ನಾಗಿ ಬಂದದ್ದು ಗ್ರಾನೈಟ್ ಒಂದೇ. ಅದಕ್ಕೆ ಕಾರಣ ನಾವೇ ಯಾರ್ಡ್‌ಗೆ ಹೋಗಿದ್ದು. ಚಾಮರಾಜನಗರದ ಕಪ್ಪು ಕಲ್ಲು ಪಕ್ಕದಲ್ಲೇ ಸಿಗುತ್ತೆ, ನಮ್ಮ ಭಾಗದವರ ಅದೃಷ್ಟ. ಆದರೆ ಬೂದು ಕಲ್ಲಿಗೆ ಬಣ್ಣ ಹಾಕಿ ಕಪ್ಪು ಮಾಡಿ ಮಾರುವುದೂ ಉಂಟು. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಪರ್ಸಿನಲ್ಲಿತ್ತು. ಬಿಳಿ ಕರವಸ್ತ್ರಕ್ಕೆ ಹಾಕಿ ಒರೆಸಿ ನೋಡಿದೆ. ಮೊದಲ ಸ್ಲ್ಯಾಬಿನಲ್ಲಿ ಬಟ್ಟೆ ಕಪ್ಪಾಯಿತು. ಎರಡನೆಯದು ಸ್ವಚ್ಛ. ಎರಡನೆಯದನ್ನೇ ತಂದೆವು. ಕತ್ತರಿಸುವ ಮುಂಚಿನ ಪೂರ್ತಿ ಸ್ಲ್ಯಾಬಿನ ಅಳತೆಗೆ ದುಡ್ಡು ತೆಗೆದುಕೊಳ್ಳುತ್ತಾರೆ, ವೇಸ್ಟ್ ನಮ್ಮ ತಲೆಗೇ. ಆ ತುಂಡುಗಳನ್ನೂ ಮನೆಗೆ ತನ್ನಿ, ಕಿಟಕಿ ಕಟ್ಟೆಗಾದರೂ ಆಗುತ್ತೆ.

ಸಿಂಕ್ ತೊಟ್ಟಿಯಲ್ಲಿ ಮಾತ್ರ ಮೋಸ ಹೋದೆವು. "ಮ್ಯಾಗ್ನೆಟ್ ಅಂಟಲ್ಲ ನೋಡಿ ಸಾರ್, ಪಕ್ಕಾ 304 ಸ್ಟೀಲು" ಎಂದು ನಮ್ಮವರಿಗೆ ತೋರಿಸಿದರು. ಅಗ್ಗದ 202 ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ ಅನ್ನುವುದು ತುಕ್ಕಿನ ಚುಕ್ಕೆ ಬಂದ ಮೇಲೆ ಗೊತ್ತಾಯಿತು.

ಅಸಲಿ ಏಟು ಬಿದ್ದದ್ದು ಪ್ಲೈವುಡ್‌ನಲ್ಲಿ. ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹುರಿಯುತ್ತಿದ್ದೆ, ಸಿಂಕ್ ಕೆಳಗಿನ ಬಾಗಿಲು ಅರ್ಧಕ್ಕೇ ನಿಂತಿತು. ಎಳೆದರೆ ಲ್ಯಾಮಿನೇಟ್ ಕೈಗೇ ಬಂತು. ಒಳಗೆ ಹಲಗೆ ನೆನೆದ ರಸ್ಕಿನ ಹಾಗೆ ಪದರ ಪದರ ಬಿಚ್ಚಿಕೊಂಡಿತ್ತು, ಮುಗ್ಗಲು ವಾಸನೆ. ಕಂಟ್ರಾಕ್ಟರ್ "ನೀರು ಚೆಲ್ಲಿದ್ರೆ ಏನ್ಮಾಡೋಕಾಗುತ್ತೆ" ಅಂದರು. ಸಿಂಕ್ ಕೆಳಗೆ ನೀರು ಬೀಳದೆ ಇನ್ನೇನು ಬೀಳುತ್ತೆ?

ಮಂಡ್ಯದಿಂದ ನಮ್ಮವರ ಪರಿಚಯದ ಬಡಗಿ ಒಬ್ಬರು ಬಂದು ಬಾಕ್ಸ್ ಕಳಚಿದರು. ಹಿಂಬದಿಯಲ್ಲಿ ಲ್ಯಾಮಿನೇಟ್ ಹಾಕದ ಒಂದು ಗೇಣು ಜಾಗವಿತ್ತು. ಅಲ್ಲಿ ಅರ್ಧ ಕತ್ತರಿಸಿಹೋದ ಸೀಲು. ಟಾರ್ಚ್ ಹಾಕಿ ತೋರಿಸಿದರು: 303, ಪಕ್ಕದಲ್ಲಿ ಎಂ.ಆರ್. "ಇದು ಬೀರುಗೆ, ಮಂಚಕ್ಕೆ ಹಾಕೋದು ಅಕ್ಕ. ತೇವ ತಡೀತದೆ, ನೀರು ತಡೆಯಲ್ಲ." ನಮಗೆ ಬಾಯಲ್ಲಿ ಹೇಳಿದ್ದು ಮೆರೈನ್ ಪ್ಲೈ. ಅದರ ಮೇಲೆ ಐಎಸ್ 710 ಎಂಬ ಸೀಲು ಇರುತ್ತದೆ. ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟು ಪರೀಕ್ಷೆ ಮಾಡುವ ಪ್ಲೈ ಅದು. ಎರಡೂ ಕಡೆ ಲ್ಯಾಮಿನೇಟ್ ಅಂಟಿಸಿ ಅಂಚಿಗೆ ಪಟ್ಟಿ ಹೊಡೆದ ಮೇಲೆ ಯಾವುದು ಯಾವುದೆಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಶೀಟುಗಳು ಮನೆ ಮುಂದೆ ಇಳಿದ ದಿನ, ಗರಗಸ ಹಾಕುವ ಮುಂಚೆ, ಪ್ರತಿ ಶೀಟಿನ ಸೀಲಿನ ಫೋಟೋ ತೆಗೆದುಕೊಳ್ಳಿ. ಸೀಲಿನ ಜೊತೆಗಿರುವ ಲೈಸೆನ್ಸ್ ನಂಬರನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತೆ. ರಜೆ ಹಾಕಬೇಕಾಗಿ ಬಂದರೂ ಆ ದಿನ ಮನೆಯಲ್ಲಿರಿ. ನಾವು ಇರಲಿಲ್ಲ.

ಅಷ್ಟಕ್ಕೂ ನೀರು ಬಂದದ್ದು ಎಲ್ಲಿಂದ? ಸಿಂಕನ್ನು ಕಿಟಕಿ ಕೆಳಗಿನಿಂದ ಎದುರು ಗೋಡೆಗೆ ಸರಿಸಿದ್ದೆವು. ಕಂಟ್ರಾಕ್ಟರ್ ಕೊಟ್ಟ ಐಡಿಯಾ, ನೋಡಲು ಚಂದ. ಹೊರಗಿನ ಚೇಂಬರಿಗೆ ಒಂಬತ್ತು ಅಡಿ ದೂರವಾಯಿತು. ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಡಬೇಕು, ಅಂದರೆ ಎರಡೂಕಾಲು ಇಂಚು. ಗೋಡೆಯ ತೂತನ್ನು ಹಳೆಯ ಎತ್ತರದಲ್ಲೇ ಬಿಟ್ಟಿದ್ದರಿಂದ ಪೈಪು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿತ್ತು. ಅನ್ನ, ಎಣ್ಣೆ ಕಟ್ಟಿಕೊಂಡು ಜಾಯಿಂಟಿನಲ್ಲಿ ಜಿನುಗುತ್ತಿತ್ತು. ಕೊನೆಯ ಕಂತು ಕೊಡುವ ಮುಂಚೆ ಸಿಂಕ್ ತುಂಬಾ ನೀರು ತುಂಬಿಸಿ, ಒಮ್ಮೆಲೇ ಬಿರಡೆ ಎಳೆದು, ಕೆಳಗೆ ಒಣ ಪೇಪರ್ ಹಾಸಿ ನೋಡಿ. ಐದು ನಿಮಿಷದ ಕೆಲಸ. ಟೈಲ್ಸ್ ಮುಚ್ಚುವ ಮುಂಚೆ ಪೈಪು, ತಂತಿ ಹೋದ ದಾರಿಗೆ ಟೇಪ್ ಹಿಡಿದು ಫೋಟೋ ತೆಗೆದಿಡಿ. ನಮ್ಮ ಬಡಗಿ ಎಲ್ಲಿ ಡ್ರಿಲ್ ಮಾಡಬಹುದು ಅಂತ ಗೋಡೆ ತಟ್ಟಿ ತಟ್ಟಿ ಊಹಿಸಬೇಕಾಯಿತು.

ಕೆಳಗಿನ ಬಾಕ್ಸ್‌ಗಳನ್ನು 710ರ ಪ್ಲೈನಲ್ಲಿ ಹೊಸದಾಗಿ ಮಾಡಿಸಲು 62,000, ಪೈಪು ಸರಿ ಮಾಡಲು 11,000. ಒಟ್ಟು ಲೆಕ್ಕ 4,74,000 ಆಗಿದೆ. ಮೂರು ತಿಂಗಳು ಹೋಟೆಲ್‌ನಿಂದ ತಂದ ಇಡ್ಲಿಯ ಲೆಕ್ಕ ಇದರಲ್ಲಿ ಸೇರಿಲ್ಲ.

ದುಡ್ಡು ಕೊಟ್ಟರೂ ಸರಿ ಮಾಡಲಾಗದ್ದು ಒಂದು ಉಳಿದಿದೆ. ಕಟ್ಟೆಯ ಎತ್ತರ. ನಿಂತವರ ಮೊಣಕೈಗಿಂತ ಮೂರು-ನಾಲ್ಕು ಇಂಚು ಕೆಳಗಿದ್ದರೆ ಸರಿ, ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ 32ರಿಂದ 34 ಇಂಚು. ನಮಗೆ 36 ಇಂಚಿಗೆ ಕೂರಿಸಿದ್ದಾರೆ, ಯಾರೂ ಅಳತೆ ಕೇಳಲಿಲ್ಲ. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಅತ್ತೆ ಗಿಡ್ಡ. ಊಟಕ್ಕೆ ಕೂರುವ ಮಣೆ ತಂದು ಹಾಕಿಕೊಂಡು, ಅದರ ಮೇಲೆ ನಿಂತು ಹುಳಿಗೆ ಒಗ್ಗರಣೆ ಕೊಡುತ್ತಾರೆ. ನನಗೆ ದಿನಾ ಹೆದರಿಕೆ.

ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. ಮೈಸೂರಿನಲ್ಲೇ ಜಿಲ್ಲಾ ಆಯೋಗ ಇದೆ, ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು. ಪರಿಚಯದ ವಕೀಲರು ಕೇಳಿದ ಮೊದಲ ಪ್ರಶ್ನೆ, "ಬಿಲ್ ಎಲ್ಲಿ?" ಯುಪಿಐನಲ್ಲಿ ಕಳಿಸಿದ ದುಡ್ಡಿನ ದಾಖಲೆ ಇದೆ, ವಾಟ್ಸ್‌ಆ್ಯಪ್ ಮಾತುಕತೆ ಇದೆ. ಆದರೆ "ಮೆರೈನ್ ಪ್ಲೈ" ಎಂದು ಎಲ್ಲೂ ಬರಹದಲ್ಲಿಲ್ಲ. ಜಿಎಸ್‌ಟಿ ಉಳಿಸಿದ್ದು ಎಷ್ಟು ದುಬಾರಿಯಾಯಿತು ನೋಡಿ.

ಮಂಡ್ಯದ ಬಡಗಿ ದುಡ್ಡು ತೆಗೆದುಕೊಂಡ ರೀತಿ ನನಗೆ ಹಿಡಿಸಿತು. ಪ್ಲೈ ಅಂಗಡಿಗೆ ನಮ್ಮನ್ನೇ ಕರೆದುಕೊಂಡು ಹೋಗಿ ಬಿಲ್ ನಮ್ಮ ಹೆಸರಿಗೇ ಮಾಡಿಸಿದರು. ಕೂಲಿಯಲ್ಲಿ ಸ್ವಲ್ಪ ಮುಂಗಡ, ಬಾಕ್ಸ್ ಕೂತ ಮೇಲೆ ಸ್ವಲ್ಪ, ಬಾಗಿಲು ಹಾಕಿದ ಮೇಲೆ ಸ್ವಲ್ಪ. ಕೊನೆಯ 6,000 ಒಂದು ತಿಂಗಳು ಬಳಸಿ ನೋಡಿ ಕೊಡಿ ಅಂತ ಅವರೇ ಹೇಳಿದರು. ನಮ್ಮ ಆಫೀಸಿನವರಿಗೆ ಇದನ್ನೇ ಹೇಳಿದೆ. ಜೊತೆಗೆ, ಹಳೆ ಮನೆಯಾದರೆ ಬಜೆಟ್ಟಿನಲ್ಲಿ ನೂರಕ್ಕೆ ಇಪ್ಪತ್ತು ಪಕ್ಕಕ್ಕಿಡಿ, ಕಂಟ್ರಾಕ್ಟರ್‌ಗೆ ಆ ದುಡ್ಡಿನ ಸುಳಿವೇ ಕೊಡಬೇಡಿ ಅಂದೆ. ಅವರು ಮಾಡಿದ ಅಡುಗೆಮನೆ ನೋಡಲು ಹೋದರೆ ಎರಡು ವರ್ಷ ಹಳೆಯದನ್ನು ನೋಡಿ, ಮೊದಲು ಸಿಂಕ್ ಕೆಳಗೆ ಬಗ್ಗಿ ನೋಡಿ ಅಂತಲೂ ಅಂದೆ.

ಎಸ್ಟಿಮೇಟಿನಲ್ಲಿ ಉಳಿದ 30,000 ನಾವಿನ್ನೂ ಕೊಟ್ಟಿಲ್ಲ. ಲಾಫ್ಟ್‌ಗೆ ಬಾಗಿಲೇ ಬಂದಿಲ್ಲ, ಹಳೆ ಸೀರೆ ಕಟ್ಟಿದ್ದೇವೆ. ಮೊನ್ನೆಯೂ ಫೋನ್ ಬಂತು, "ಮೇಡಂ, ಬ್ಯಾಲೆನ್ಸ್ ಯಾವಾಗ?" ಲಾಫ್ಟ್ ಬಾಗಿಲು ಯಾವಾಗ ಅಂತ ನಾನೂ ಕೇಳಿದೆ.

"ಈ ಆಷಾಢ ಒಂದು ಮುಗೀಲಿ ಮೇಡಂ" ಅಂದರು.