ತ್ರೀಡಿ ಪ್ರಿಂಟ್ ಸರಿ ಬಂತು ಅಂತ ಮೋಲ್ಡ್‌ಗೆ ದುಡ್ಡು ಕಟ್ಟಬೇಡಿ

ಪ್ರಿಂಟ್ ಮಾಡಿದ ಡಬ್ಬಿ ಚೆನ್ನಾಗಿ ಕೂತುಬಿಟ್ಟರೆ ಡಿಸೈನ್ ಮುಗೀತು ಅಂತ ಯಾರೇ ಹೇಳಿದರೂ ನಂಬಬೇಡಿ. ಕೈಲಿ ಹಿಡಿದು ಅಳತೆ ನೋಡುವ ಮೀಟರ್ ಉಪಕರಣಕ್ಕೆ ಎಬಿಎಸ್ ಅನ್ನೋ ಪ್ಲಾಸ್ಟಿಕ್ಕಿನ ಡಬ್ಬಿ ಬೇಕಿತ್ತು. ಮೋಲ್ಡ್, ಅಂದರೆ ಕರಗಿದ ಪ್ಲಾಸ್ಟಿಕ್ ತುಂಬಿ ಪೀಸು ತೆಗೆಯೋ ಉಕ್ಕಿನ ಅಚ್ಚು, ಮಾಡೋರು ಇದೇ ಮಾತು ಹೇಳಿ ಅಡ್ವಾನ್ಸ್ ತಗೊಂಡರು. ಡಿಸೈನೂ ಅವರದೇ, ಮೋಲ್ಡೂ ಅವರದೇ. ಡಿಎಫ್‌ಎಂ ರಿಪೋರ್ಟ್ (ಈ ಡಿಸೈನನ್ನು ಮೋಲ್ಡಿನಲ್ಲಿ ತಯಾರಿಸೋಕೆ ಆಗುತ್ತಾ ಅನ್ನೋ ಪರಿಶೀಲನೆ) ಕೇಳಿದ್ದಕ್ಕೆ ಬಂದ ಉತ್ತರ: "ಅದೆಲ್ಲ ನಾವೇ ನೋಡ್ಕೊಂಡಿದ್ದೀವಿ ಸರ್, ಪ್ರಿಂಟ್ ನಿಮ್ಮ ಕೈಲೇ ಇದೆಯಲ್ಲ."

ಕೈಲಿದ್ದರೆ ಏನು ಬಂತು? ಪ್ರಿಂಟರ್ ಪದರದ ಮೇಲೆ ಪದರ ಇಡುತ್ತೆ, ಉಕ್ಕಿನ ಒಳಗಿಂದ ಪ್ಲಾಸ್ಟಿಕ್ಕನ್ನು ಹೊರಕ್ಕೆ ತಳ್ಳೋ ಪ್ರಶ್ನೆಯೇ ಅದಕ್ಕಿಲ್ಲ. ಡ್ರಾಫ್ಟ್ (ಗೋಡೆಯ ಇಳಿಜಾರು) ಸೊನ್ನೆ ಇದ್ದರೂ ಪ್ರಿಂಟ್ ಬರುತ್ತೆ. ಮೋಲ್ಡ್‌ನಲ್ಲಿ ಗೋಡೆಗೆ 1 ಡಿಗ್ರಿಯಾದರೂ ಇಳಿಜಾರು ಇಟ್ಟುಕೊಳ್ಳಬೇಕು, ಟೆಕ್ಸ್‌ಚರ್ (ತರಿಮೈ) ಇದ್ದರೆ ಇನ್ನೂ ಜಾಸ್ತಿ. ಇವರ ಫೈಲಿನಲ್ಲಿ ಎಲ್ಲ ರಿಬ್ಬೂ (ಗೋಡೆಗೆ ಬಲ ಕೊಡೋ ಒಳಗಿನ ಏಣು) ನೆಟ್ಟಗೆ! ಗೋಡೆ 2.5 ಮಿ.ಮೀ., ರಿಬ್ಬೂ 2.5 ಮಿ.ಮೀ. ರಿಬ್ ಗೋಡೆಯ 50ರಿಂದ 60 ಶೇಕಡಾ, ಅಂದರೆ 1.5 ಮಿ.ಮೀ. ದಾಟಬಾರದು ಅನ್ನೋದು ಈ ಕೆಲಸದವರಿಗೆ ಅಕ್ಷರಾಭ್ಯಾಸ. ದಪ್ಪ ಇರೋ ಕಡೆ ಪ್ಲಾಸ್ಟಿಕ್ ತಡವಾಗಿ ತಣಿಯುತ್ತೆ, ಒಳಕ್ಕೆ ಎಳೆಯುತ್ತೆ, ಹೊರಮೈ ಕುಸಿಯುತ್ತೆ.

ಮೊದಲ ಟ್ರಯಲ್ ಪೀಸುಗಳಲ್ಲಿ ಹೊರಗೆ ಸಾಲು ಸಾಲು ಸಿಂಕ್ ಮಾರ್ಕ್ (ಮೈ ಕುಸಿದ ತಗ್ಗು), ಒಳಗೆ ಉಜ್ಜಿದ ಗೆರೆ, ಪೀಸನ್ನು ಹೊರದೂಡೋ ಎಜೆಕ್ಟರ್ ಪಿನ್ ತಳ್ಳಿದಲ್ಲಿ ಬಿಳಿ ಕಲೆ. ಗ್ರಾಹಕರ ಮುಂದೆ ಇಡೋಕೆ ನಾಚಿಕೆ. "ಮೆಷಿನ್ ಸೆಟ್ಟಿಂಗ್ ಅಷ್ಟೇ, ಹೋಲ್ಡಿಂಗ್ ಪ್ರೆಷರ್ ಏರಿಸ್ತೀವಿ" ಅಂದರು. ತುಂಬಿದ ಮೇಲೂ ಪ್ಲಾಸ್ಟಿಕ್ಕನ್ನು ಒತ್ತಿ ಹಿಡಿಯೋ ಆ ಒತ್ತಡ ಏರಿಸಿದರು. ಸಿಂಕ್ ಸ್ವಲ್ಪ ತಗ್ಗಿತು, ಪೀಸು ತನ್ನ ಒಳಮೈ ರೂಪಿಸೋ ಕೋರ್‌ಗೆ ಇನ್ನಷ್ಟು ಕಚ್ಚಿಕೊಂಡಿತು.

ಆಮೇಲೆ "ಡ್ರಾಫ್ಟ್ ಕೊಟ್ಟುಬಿಡ್ತೀವಿ, ಸಣ್ಣ ಕೆಲಸ." ಇಲ್ಲೇ ಮೈ ಉರಿದದ್ದು. ಪೀಸಿನ ರಿಬ್ ಅಂದರೆ ಮೋಲ್ಡ್‌ನಲ್ಲಿ ಒಂದು ಸೀಳು. ಸೀಳನ್ನು ಅಗಲ ಮಾಡೋದು ಸುಲಭ, ಕಿರಿದು ಮಾಡಬೇಕಾದರೆ ವೆಲ್ಡ್ ಮಾಡಿ ಮತ್ತೆ ಕೊರೀಬೇಕು, ಇಲ್ಲವೇ ಇನ್ಸರ್ಟ್ (ಬೇರೆ ಉಕ್ಕಿನ ತುಂಡು) ಕೂರಿಸಬೇಕು. 20 ಮಿ.ಮೀ. ಎತ್ತರದ ರಿಬ್‌ಗೆ ಎರಡೂ ಕಡೆ 1 ಡಿಗ್ರಿ ಕೊರೆದರೆ ಬುಡ 0.7 ಮಿ.ಮೀ. ದಪ್ಪವಾಗುತ್ತೆ. 2.5 ಇದ್ದದ್ದು 3.2! ಪೀಸು ಬಿಡುತ್ತೆ ಸರಿ, ಸಿಂಕ್ ಮೊದಲಿಗಿಂತ ಆಳ. ಒಂದು ರೋಗಕ್ಕೆ ಇನ್ನೊಂದು ರೋಗವನ್ನೇ ಮದ್ದು ಅಂತ ಮಾರೋಕೆ ಬಂದಿದ್ದರು.

ಮೂರನೇ ಉಪಾಯ ಕೇಳಿ, ಪ್ಲಾಸ್ಟಿಕ್ಕನ್ನೇ ಬದಲಿಸೋದು: "ಎಬಿಎಸ್ ಬಿಡಿ, ಪಿಪಿ ಹಾಕೋಣ, ಜಾರಿಕೊಂಡು ಬರುತ್ತೆ." ಮೋಲ್ಡ್ ಕೊರೆದಿರೋದು ಎಬಿಎಸ್‌ನ 0.5 ಶೇಕಡಾ ಕುಗ್ಗುವಿಕೆಗೆ. ಪಿಪಿ 1.5 ಶೇಕಡಾ ಕುಗ್ಗಿತು ಅಂದರೂ, 100 ಮಿ.ಮೀ. ಅಂತರದ ಎರಡು ಸ್ಕ್ರೂ ಬಾಸ್ (ಸ್ಕ್ರೂ ಕೂರೋ ಕಂಬ) 1 ಮಿ.ಮೀ. ಹತ್ತಿರ ಬರುತ್ತವೆ. ಡಬ್ಬಿ ಮುಚ್ಚಳ ಒಟ್ಟಿಗೇ ಕುಗ್ಗಬಹುದು, ಒಳಗಿನ ಸರ್ಕ್ಯೂಟ್ ಬೋರ್ಡ್ ಕುಗ್ಗುತ್ತಾ? 2.5 ಮಿ.ಮೀ. ಸ್ಕ್ರೂಗೆ ಬೋರ್ಡಿನ ತೂತು 2.8. ಸ್ಕ್ರೂ ಇಳಿಯೋದಾದರೂ ಹೇಗೆ?

ಕೊನೆಗೆ ಬಂದ ಮಾತು: "ಸ್ಯಾಂಪಲ್ ಓಕೆ ಅಂತ ನೀವೇ ಮೇಲ್ ಹಾಕಿದ್ರಲ್ಲ." ಓಕೆ ಅಂದದ್ದು ಪ್ರಿಂಟಿಗೆ. ಪ್ರಿಂಟಿಗೆ! ಮೋಲ್ಡ್ ಡ್ರಾಯಿಂಗ್ ಅವರು ತೋರಿಸಿಯೇ ಇರಲಿಲ್ಲ. ಅದೇ ಮೇಲ್ ಹಿಡಿದುಕೊಂಡು ಬಾಕಿ ಕೇಳ್ತಾರೆ.

ಉಕ್ಕು ಕೊರೆಯೋ ಮುಂಚೆ ಡ್ರಾಫ್ಟ್, ಗೋಡೆ ದಪ್ಪ, ರಿಬ್, ಗೇಟ್ (ಪ್ಲಾಸ್ಟಿಕ್ ಒಳಬರೋ ಬಾಯಿ), ಎಜೆಕ್ಟರ್ ಪಿನ್, ಪಾರ್ಟಿಂಗ್ ಲೈನ್ (ಮೋಲ್ಡಿನ ಭಾಗಗಳು ಸೇರೋ ಗೆರೆ) ಇಷ್ಟೂ ಬರಹದಲ್ಲಿ ಕೇಳಿ. ಡಿಸೈನ್ ಮಾಡಿದವರಲ್ಲದೆ ಮೋಲ್ಡ್ ಮಾಡೋ ಬೇರೆ ಟೂಲ್ ರೂಮಿನವರಿಗೂ ಫೈಲ್ ತೋರಿಸಿ. ಅಳತೆ ಅನುಮಾನ ಇದ್ದಲ್ಲಿ ಮೋಲ್ಡ್‌ನಲ್ಲಿ ಲೋಹ ಉಳಿಸಿ ಕೊರೀರಿ ಅನ್ನಿ, ಬೇಕಾದರೆ ಆಮೇಲೆ ತೆಗೆಯಬಹುದು. ಓಕೆ ಬರೆಯುವಾಗ "ಪ್ರಿಂಟ್ ಮಾದರಿಗೆ ಮಾತ್ರ" ಅಂತ ಸೇರಿಸಿ. ಡಿಸೈನಿನ ತ್ರೀಡಿ ಕಡತವಾದ ಸ್ಟೆಪ್ ಫೈಲನ್ನು ಅಡ್ವಾನ್ಸ್ ಕೊಡೋ ದಿನವೇ ಕೈಗೆ ತಗೊಳ್ಳಿ, ಆಮೇಲೆ ಕೇಳಿದರೆ "ಬಾಕಿ ಕಟ್ಟಿ, ಕೊಡ್ತೀವಿ" ಅಂತಾರೆ.